ಎಂಟು ದೊಡ್ಡಕ್ಷರಗಳು

ಲಾರೆನ್ಸ್ ಪೊರ್ಬುಗಳ ಕಣ್ಣು ಸರಿಯಾಗಿಯೇ ಇತ್ತು. ಕೆಟ್ಟದ್ದು ನನ್ನ ನಾಲಿಗೆ. ಇದಿಷ್ಟನ್ನು ನಾನು ತೊಂಬತ್ತೊಂಬತ್ತನೇ ಇಸವಿಯ ಒಂದು ಸೋಮವಾರ ಬೆಳಿಗ್ಗೆ, ಮಣಿಪಾಲದ ಒಂದು ಬೈಂಡಿಂಗ್ ಅಂಗಡಿಯಲ್ಲಿ ನಿಂತು ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಿಸಿಕೊಳ್ಳುವುದಕ್ಕಾಗಿ ಇಂಗ್ಲಿಷ್ ಭಾಷೆಯ ಒಂದು ನಿಯಮವನ್ನು ಅಡ್ಡ ಹಿಡಿದೆ — ಅಂಥ ನಿಯಮ ನಿಜವಾಗಿ ಇದೆಯೋ ಇಲ್ಲವೋ ಎಂದು ನನಗೇ ಗೊತ್ತಿರಲಿಲ್ಲ. ಆ ಕಾಲದ ಯಾವುದಾದರೂ ಪ್ರಬಂಧದ ರಟ್ಟಿನ ಮೇಲೆ ‘ಆಫ್’, ‘ಇನ್’, ‘ದಿ’, ‘ಆಂಡ್’ ಎಂಬ ಪುಟ್ಟ ಪದಗಳು ಚಿಕ್ಕಕ್ಷರದಿಂದ ಶುರುವಾಗಿರುವುದನ್ನು ಕಂಡರೆ, ಇದನ್ನು ಮಾಡಿದವರಿಗೆ ಎಷ್ಟು ಒಳ್ಳೆಯ ಇಂಗ್ಲಿಷ್ ಗೊತ್ತಿತ್ತು ಎಂದು ದಯವಿಟ್ಟು ಮೆಚ್ಚಬೇಡಿ. ಮಾಡಿಸಿದವಳು ನಾನು. ನನಗೆ ಗೊತ್ತಿದ್ದದ್ದು ಇಂಗ್ಲಿಷ್ ಅಲ್ಲ, ಅಂಗಡಿಯ ಪೆಟ್ಟಿಗೆಯಲ್ಲಿ ಎಷ್ಟು ಅಕ್ಷರ ಉಳಿದಿದೆ ಎಂಬುದು.

ಆಗ ನನಗೆ ಇಪ್ಪತ್ತಾರು ವರ್ಷ. ಕಾಪುವಿನಿಂದ ದಿನಾ ಎರಡು ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗುತ್ತಿದ್ದೆ. ಅಂಗಡಿಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಎದುರು ಕೂತು ಕಾಲೇಜಿನವರ ಪ್ರಬಂಧಗಳನ್ನು, ಅಂದರೆ ಥೀಸಿಸ್ಸುಗಳನ್ನು, ಟೈಪ್ ಮಾಡುವುದು ನನ್ನ ಕೆಲಸ. ಹಿಂದಿನ ಕೋಣೆಯಲ್ಲಿ ಲಾರೆನ್ಸ್ ಪೊರ್ಬುಗಳು — ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಹಾಗೆಯೇ ಕರೆಯುವುದು — ಅವುಗಳನ್ನು ಹೊಲಿದು, ರಟ್ಟು ಕಟ್ಟಿ, ಕೆಂಪು ರೆಕ್ಸಿನ್ ಹೊದಿಸಿ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಟೈಟಲ್ ಒತ್ತುತ್ತಿದ್ದರು. ವಯಸ್ಸು ಅರವತ್ತೊಂದು. ನನ್ನನ್ನು ‘ಬಾಯೆ’ ಎಂದು ಕರೆಯುತ್ತಿದ್ದರು, ಕೊಂಕಣಿಯಲ್ಲಿ ಮನೆಯ ಹುಡುಗಿಯನ್ನು ಕರೆಯುವ ಹಾಗೆ.

ಚಿನ್ನ ಒತ್ತುವುದೆಂದರೆ ತಮಾಷೆಯಲ್ಲ. ಒಂದೊಂದು ಅಕ್ಷರ ಕೆತ್ತಿದ ಹಿತ್ತಾಳೆಯ ಅಚ್ಚುಮೊಳೆಗಳನ್ನು ಒಂದೊಂದಾಗಿ ಚೌಕಟ್ಟಿನಲ್ಲಿ ಜೋಡಿಸಿ, ಬಿಸಿ ಮಾಡಿ, ರೆಕ್ಸಿನ್ನಿನ ಮೇಲೆ ಚಿನ್ನದ ಹಾಳೆ ಇಟ್ಟು, ಇಡೀ ಟೈಟಲನ್ನು ಒಂದೇ ಸಲಕ್ಕೆ ಒತ್ತಬೇಕು. ಎರಡನೇ ಸಲ ಒತ್ತಿದಿರೋ, ಸಾಲು ಓರೆ, ರಟ್ಟು ಹಾಳು. ಪೊರ್ಬುಗಳು ಪ್ರತಿ ಸಲ ಒತ್ತುವ ಮೊದಲು ಎದೆಯ ಮೇಲೆ ಶಿಲುಬೆ ಎಳೆದುಕೊಳ್ಳುತ್ತಿದ್ದರು. ಸಂಜೆ ಅಚ್ಚುಮೊಳೆಗಳನ್ನು ಬಟ್ಟೆಯಲ್ಲಿ ಒರೆಸಿ, ಎಣಿಸಿ, ಮರದ ಪೆಟ್ಟಿಗೆಯ ಗೂಡುಗಳಿಗೆ ಸೇರಿಸದೆ ಮನೆಗೆ ಹೋದವರಲ್ಲ. ಒಂದೊಂದು ದೊಡ್ಡಕ್ಷರಕ್ಕೂ ಮೂರು ಮೂರು ಮೊಳೆ. ಒಂದು ‘ಟಿ’ಯ ಕಾಲು ಸ್ವಲ್ಪ ಮುರಿದಿತ್ತು, ಅದನ್ನು ಅವರು ಕುಂಟ ಎಂದು ಕರೆಯುತ್ತಿದ್ದರು, ತೀರಾ ಬೇಕಾದಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು.

ಟೈಟಲಿನ ಪ್ರತಿ ಪದವೂ ಅವರಲ್ಲಿ ದೊಡ್ಡಕ್ಷರದಿಂದಲೇ ಶುರುವಾಗಬೇಕು. ‘ಆಫ್’ ಕೂಡ, ‘ದಿ’ ಕೂಡ.

“ಇದಕ್ಕೆ ಯಾಕೆ ಪೊರ್ಬುಗಳೇ, ಇಷ್ಟು ಚಿಕ್ಕ ಪದಕ್ಕೆ?” ಎಂದು ಒಮ್ಮೆ ಕೇಳಿದ್ದೆ.

“ಚಿಕ್ಕದಾದರೆ ಎಂತ ಬಾಯೆ? ಅದಕ್ಕೂ ಒಂದು ತಲೆ ಬೇಡವಾ?” ಎಂದಿದ್ದರು.

ಆ ವರ್ಷ ನನ್ನ ತಮ್ಮ ಹರೀಶ ಆಟೊರಿಕ್ಷಾ ತೆಗೆದುಕೊಂಡ. ಅದರ ಸೀಟಿನ ಒರಗುದಿಂಬಿಗೆ ಕೆಂಪು ರೆಕ್ಸಿನ್ ಹಾಕಿಸಿದ್ದ — ನಮ್ಮ ಪ್ರಬಂಧಗಳಿಗೆ ಹಾಕುವ ಅದೇ ಕೆಂಪು! ನೋಡಿದ ಕೂಡಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಕಾಪು ಪೇಟೆಯ ಎಲ್ಲ ರಿಕ್ಷಾಗಳಿಗೆ ಸ್ಟಿಕ್ಕರ್ ಹೆಸರು. ನನ್ನ ತಮ್ಮನ ರಿಕ್ಷಾಕ್ಕೆ ಮಾತ್ರ ಚಿನ್ನದ ಹೆಸರು. ಮೇಲೆ ‘ಓಂ’, ಕೆಳಗೆ ‘ಅತಿಥಿ’, ಎರಡೂ ಇಂಗ್ಲಿಷ್ ಅಕ್ಷರಗಳಲ್ಲಿ. ಕೂರುವವರಿಗೆ ಎಷ್ಟು ಮರ್ಯಾದೆ, ಅಲ್ವಾ?

ಪೊರ್ಬುಗಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಯಾಕೆಂದರೆ — ಇದನ್ನು ಎಷ್ಟು ಸಲ ಯೋಚಿಸಿದರೂ — ಅವರು ಬೇಡ ಎಂದುಬಿಟ್ಟರೆ ಎಂಬ ಹೆದರಿಕೆ. ಮತ್ತೆ, ದಿನಾ ನೋಡುತ್ತೇನೆ, ಇದರಲ್ಲಿ ಎಂಥ ಮಹಾ ವಿದ್ಯೆ ಎಂಬ ಜಂಬ. ಶನಿವಾರ ಸಂಜೆ ಅವರು ಹೋದ ಮೇಲೆ ಪೆಟ್ಟಿಗೆ ತೆರೆದು ಎಂಟು ದೊಡ್ಡಕ್ಷರ ಆರಿಸಿದೆ: ಒ, ಎಂ, ಎ, ಎಚ್ ಒಂದೊಂದು, ಟಿ ಎರಡು, ಐ ಎರಡು. ಮೊಳೆ ಜೋಡಿಸಿ ಹೆಸರು ಒತ್ತುವ ಸಣ್ಣ ಹಿಡಿಯನ್ನೂ ಒಂದು ಚೂರು ಚಿನ್ನದ ಹಾಳೆಯನ್ನೂ ಬ್ಯಾಗಿಗೆ ಹಾಕಿದೆ. ಸೋಮವಾರ ಅವರು ಬರುವ ಮೊದಲೇ ತಂದಿಟ್ಟರೆ ಆಯಿತಲ್ಲ.

ಭಾನುವಾರ ಮಧ್ಯಾಹ್ನ ನಮ್ಮ ಅಂಗಳದಲ್ಲಿ ರಿಕ್ಷಾ ನಿಂತಿತು, ಒಲೆಯಲ್ಲಿ ಹಿಡಿ ಬಿಸಿಯಾಯಿತು, ನೆರೆಯವರು ನೋಡಲು ಬಂದರು. ನಾನು ಶಿಲುಬೆಯ ಬದಲು ಗಣಪತಿಯನ್ನು ನೆನೆದು ಒತ್ತಿದೆ. ಹಾಳೆ ಎತ್ತಿದರೆ ಅಕ್ಷರಗಳು ಫಳಫಳ. ಒಂದೇ ಒಂದು ಅಕ್ಷರ ಓರೆಯಾಗಿರಲಿಲ್ಲ. ಆದರೆ ಹರೀಶ ಬಹಳ ಹೊತ್ತು ನೋಡಿ, “ಅಕ್ಕಾ, ಇದೆಂತ, ಇಹ್ತಿತಾ?” ಎಂದ.

ಅಚ್ಚುಮೊಳೆಗಳನ್ನು ಬಲದಿಂದ ಎಡಕ್ಕೆ ಜೋಡಿಸಬೇಕು, ಕನ್ನಡಿಯಲ್ಲಿ ಕಾಣುವ ಹಾಗೆ. ನಾನು ಓದುವ ಹಾಗೆ ಎಡದಿಂದ ಬಲಕ್ಕೆ ಜೋಡಿಸಿದ್ದೆ. ದಿನಾ ನೋಡಿದ್ದೆನೆಂದು ಹೇಳಿದೆನಲ್ಲ — ನೋಡಿದ್ದು ಬರೀ ಚಿನ್ನವನ್ನು, ಕೈಯನ್ನಲ್ಲ. ನಾನು ಆರಿಸಿದ ಅಕ್ಷರಗಳೋ, ಹಿಂದುಮುಂದಾದರೂ ಒಂದೇ ತರಹ ಕಾಣುವಂಥವು; ಒಂದಾದರೂ ತಿರುಗಿ ಕಂಡಿದ್ದರೆ ಎಚ್ಚರವಾಗುತ್ತಿತ್ತು. ಮೇಲೆ ‘ಮೊ’, ಕೆಳಗೆ ‘ಇಹ್ತಿತಾ’. ಹರೀಶ ಒಳ್ಳೆಯವನು. “ಇರಲಿ ಬಿಡು, ಯಾವುದೋ ಸಂಸ್ಕೃತ ಹೆಸರಿನ ಹಾಗೆ ಉಂಟು” ಎಂದ. ಮುಂದೆ ಪಡುಬಿದ್ರಿಯ ಒಂದು ಕುಟುಂಬ ಆ ಹೆಸರನ್ನು ಮೆಚ್ಚಿ, ಮಗುವಿಗೆ ಇಡಲೆಂದು ಬರೆದುಕೊಂಡು ಹೋಯಿತಂತೆ. ಅವರ ಮಗುವಿಗೆ ಈಗ ಮದುವೆಯ ವಯಸ್ಸಾಗಿರಬಹುದು. ಆ ಮಗುವಿನ ಕ್ಷಮೆಯನ್ನೂ ಇಲ್ಲೇ ಕೇಳಿಬಿಡುತ್ತೇನೆ.

ಸಂಜೆ ಎಂಟು ಅಚ್ಚುಮೊಳೆಗಳನ್ನು ಮರೆಯಬಾರದೆಂದು ನನ್ನ ಬುತ್ತಿ ಡಬ್ಬಿಯಲ್ಲಿ ಹಾಕಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಡಬ್ಬಿ ತೊಳೆದು ಕವುಚಿ ಇಟ್ಟಿದೆ.

“ಅಮ್ಮಾ, ಇದರಲ್ಲಿ ಇದ್ದದ್ದು ಎಲ್ಲಿ?”

“ಆ ತುಂಡು ಹಿತ್ತಾಳೆಯಾ? ಗುಜರಿಯವ ಬಂದಿದ್ದ. ಹಳೆ ಚೆಂಬಿನ ಜೊತೆ ಹಾಕಿದೆ. ನೋಡು, ಎಷ್ಟು ಬೆಳ್ಳುಳ್ಳಿ ಕೊಟ್ಟ!”

ಗುಜರಿಯವನು ಸೈಕಲ್ಲಿನಲ್ಲಿ ಯಾವ ದಿಕ್ಕಿಗೆ ಹೋದನೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಹರೀಶನೂ ನಾನೂ ‘ಇಹ್ತಿತಾ’ದಲ್ಲಿ ಕೂತು ಕಟಪಾಡಿಯವರೆಗೆ ಹುಡುಕಿ ಬಂದೆವು. ಸಿಗಲಿಲ್ಲ. ಆ ವಾರದ ಬಂಗುಡೆ ಮೀನಿನ ಸಾರಿಗೆ ಅಮ್ಮ ಅದೇ ಬೆಳ್ಳುಳ್ಳಿ ಹಾಕಿದಳು. ಎಲ್ಲರೂ ಚಪ್ಪರಿಸಿ ಉಂಡರು, ನಾನೊಬ್ಬಳು ಬೆಳ್ಳುಳ್ಳಿಯನ್ನು ಆರಿಸಿ ಬಟ್ಟಲಿನ ಅಂಚಿಗೆ ಇಟ್ಟೆ.

ಸೋಮವಾರ ಬೇಗ ಹೋಗಿ ಹಿಡಿಯನ್ನು ಅದರ ಜಾಗದಲ್ಲಿ ಇಟ್ಟೆ. ಪೊರ್ಬುಗಳು ಬಂದು ಪೆಟ್ಟಿಗೆ ತೆರೆದರು. ಗೂಡುಗಳಲ್ಲಿ ಬೆರಳಾಡಿಸಿದರು. ಮತ್ತೆ ಆಡಿಸಿದರು. ಮೇಜಿನ ಕೆಳಗೆ ಬಗ್ಗಿ ನೋಡಿದರು, ಗೋಂದಿನ ಪಾತ್ರೆಯಲ್ಲಿ ಕೈ ಹಾಕಿದರು, ಕಸದ ಬುಟ್ಟಿಯನ್ನು ಹಾಳೆಯ ಮೇಲೆ ಸುರಿದು ಒಂದೊಂದು ಚೂರನ್ನೂ ಆಚೆ ಈಚೆ ಮಾಡಿದರು. ನಾನು ಕಂಪ್ಯೂಟರಿನ ಎದುರು ಕೂತು, ಒಂದೇ ವಾಕ್ಯವನ್ನು ಅಳಿಸಿ ಅಳಿಸಿ ಟೈಪ್ ಮಾಡುತ್ತಿದ್ದೆ. ಕೊನೆಗೆ ಅವರು ಬಾಗಿಲಲ್ಲಿ ಬಂದು ನಿಂತರು.

“ಬಾಯೆ, ಶನಿವಾರ ನಾನು ಎಲ್ಲ ಎಣಿಸಿ ಇಟ್ಟದ್ದಲ್ವಾ? ಎಂಟು ಕಡಿಮೆ ಉಂಟು. ನೀನು ನೋಡಿದ್ದೀಯಾ?”

ಆಗ ನಾನು ಹೇಳಿದ ಮಾತು ಇದು. ಒಂದಕ್ಷರ ಬದಲಿಸದೆ ಬರೆಯುತ್ತೇನೆ: “ನಾನು ನೋಡಿಲ್ಲ ಪೊರ್ಬುಗಳೇ. ನೀವೇ ಎಲ್ಲಿಯಾದರೂ ಬೀಳಿಸಿರಬಹುದು. ಒಮ್ಮೆ ಕಣ್ಣು ತೋರಿಸಿಕೊಳ್ಳಿ.”

ಅವರು ಕೋಪಿಸಿಕೊಳ್ಳಲಿಲ್ಲ. ಕನ್ನಡಕ ತೆಗೆದರು, ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು. “ಇರಬಹುದು” ಎಂದರು. ಅಷ್ಟೇ. ನಾನು ಆಗಲೂ — ಆಗಲಾದರೂ...

ಅಷ್ಟರಲ್ಲಿ ಧನಿಗಳು, ಅಂದರೆ ಅಂಗಡಿಯ ಮಾಲೀಕರು, ಬಂದರು. ಪ್ರಬಂಧ ಒಪ್ಪಿಸುವ ಕಾಲ; ಒತ್ತಬೇಕಾದ ರಟ್ಟುಗಳ ರಾಶಿ ಮಾಡಿನವರೆಗೆ. ಹೊಸ ಅಚ್ಚುಮೊಳೆ ತರಿಸಲು ಎರಡು ತಿಂಗಳಾದರೂ ಬೇಕು. ಮೇಲಿದ್ದ ಮೊದಲನೇ ಪ್ರಬಂಧವೇ ‘ದಿ ಇನ್ಸಿಡೆನ್ಸ್ ಆಫ್ ಅನೀಮಿಯಾ ಇನ್ ದಿ ವಿಮೆನ್ ಆಫ್ ಕೋಸ್ಟಲ್ ವಿಲೇಜಸ್’. ದೊಡ್ಡ ‘ಟಿ’ ಎರಡು ಬೇಕು, ಇರುವುದು ಒಂದು. ದೊಡ್ಡ ‘ಐ’ ಎರಡು ಬೇಕು, ಇರುವುದು ಒಂದು. ಧನಿಗಳು ಪೊರ್ಬುಗಳ ಕಡೆ ತಿರುಗಿ ಬಾಯಿ ತೆರೆಯುವುದರಲ್ಲಿದ್ದರು. ನಾನೇ ಮೊದಲು ತೆರೆದೆ.

“ಅಷ್ಟು ದೊಡ್ಡಕ್ಷರ ಹಾಕುವುದೇ ತಪ್ಪು ಧನಿಗಳೇ. ಟೈಟಲಲ್ಲಿ ಸಣ್ಣ ಪದಕ್ಕೆ ಸಣ್ಣಕ್ಷರವೇ ಹಾಕಬೇಕು. ಅದು ಮೊದಲ ಪದವಾದರೆ ಮಾತ್ರ ದೊಡ್ಡದು. ಹಾಗೆ ರೂಲ್ ಉಂಟು.”

“ಎಲ್ಲಿ ಉಂಟು?”

“ಲಂಡನ್ನಿನಲ್ಲಿ.”

ಪೊರ್ಬುಗಳನ್ನು ಬೈಗುಳದಿಂದ ಉಳಿಸಿದೆ ಎಂದು ಆ ಕ್ಷಣ ನನಗೆ ನಾನೇ ಹೇಳಿಕೊಂಡೆ. ಹಸಿ ಸುಳ್ಳು. ಹುಡುಕುವುದು ಅಲ್ಲಿಗೇ ನಿಲ್ಲಲಿ ಎಂಬುದಷ್ಟೇ ನನ್ನ ಆಸೆ.

ಮಾರನೇ ದಿನ ಆ ಪ್ರಬಂಧದ ಪ್ರೊಫೆಸರರು ಬಂದರು. ಬಹಳ ಸಿಟ್ಟಿನ ಮನುಷ್ಯ ಎಂದು ಹೆಸರಾದವರು. ರಟ್ಟನ್ನು ಬೆಳಕಿಗೆ ಹಿಡಿದು ಓದಿದರು. ನಾನು ಮಾನಿಟರಿನ ಹಿಂದೆ ಬಗ್ಗಿದೆ. “ಅಂತೂ ಈ ಊರಿನಲ್ಲಿ ಒಬ್ಬರಿಗಾದರೂ ಇದು ಗೊತ್ತಿದೆ!” ಎಂದರು. “ಇಷ್ಟು ವರ್ಷ ನೀವು ಒತ್ತಿದ್ದೆಲ್ಲ ತಪ್ಪು. ನನಗೆ ನೋಡಿ ನೋಡಿ ಸಾಕಾಗಿತ್ತು. ಯಾರು ಸರಿ ಮಾಡಿದ್ದು?” ಧನಿಗಳು ನನ್ನನ್ನು ತೋರಿಸಿದರು. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಕತ್ತರಿಯ ಸದ್ದು ನಿಂತದ್ದು ನನಗೆ ಕೇಳಿಸಿತು.

ಅಲ್ಲಿಂದ ನನ್ನ ಪ್ರತಾಪ ಶುರು. ಮಣಿಪಾಲದ ಅರ್ಧ ಊರು ನನ್ನಲ್ಲಿ ಟೈಟಲ್ ಕೇಳಿಕೊಂಡು ಹೋಗತೊಡಗಿತು. ‘ಫಾರ್’ ಹೇಗೆ ಮೇಡಂ? ಚಿಕ್ಕದು. ಪಾಪ, ‘ಎಫ್’ ಮೂರಕ್ಕೆ ಮೂರೂ ಇದ್ದವು. ಆದರೆ ರೂಲ್ ಎಂದ ಮೇಲೆ ಪಕ್ಷಪಾತ ಮಾಡಬಾರದಲ್ಲ. ‘ಬಿಟ್ವೀನ್’? ಸ್ವಲ್ಪ ಯೋಚಿಸುವ ಹಾಗೆ ಮಾಡಿ, ನಾಲ್ಕಕ್ಷರ ದಾಟಿದರೆ ದೊಡ್ಡದು ಎಂದೆ. ‘ಇಸ್’? ಎರಡೇ ಅಕ್ಷರ, ಚಿಕ್ಕದು. ಅದು ತಪ್ಪೆಂದು ಈಗ ಗೊತ್ತು. ಕ್ರಿಯಾಪದ ಎಷ್ಟೇ ಗಿಡ್ಡವಾದರೂ ಅದಕ್ಕೆ ದೊಡ್ಡಕ್ಷರ ಕೊಡುತ್ತಾರಂತೆ. ಆದರೆ ‘ಐ’ ಒಂದೇ ಉಳಿದಿದ್ದಾಗ ಕ್ರಿಯಾಪದಕ್ಕೆ ಎಲ್ಲಿಂದ ತರಲಿ? ಒಬ್ಬರು ಡಾಕ್ಟರು ‘ಟ್ರೀಟ್‌ಮೆಂಟ್ ಆಫ್ ಟ್ಯೂಬರ್‌ಕ್ಯುಲೋಸಿಸ್’ ಎಂದು ತಂದರು. ಎರಡು ‘ಟಿ’! “ಟ್ರೀಟ್‌ಮೆಂಟಿಗಿಂತ ಮ್ಯಾನೇಜ್‌ಮೆಂಟ್ ಅಂದರೆ ಚಂದ ಅಲ್ವಾ ಡಾಕ್ಟ್ರೇ?” ಎಂದೆ. ಅವರು ಗೈಡನ್ನು ಕೇಳಿಕೊಂಡು ಬಂದರು. ಗೈಡ್ ಸಾಹೇಬರಿಗೆ ಬಹಳ ಹಿಡಿಸಿತಂತೆ.

ಇಲ್ಲಿ ನಗುತ್ತಿದ್ದೇನೆ, ನಿಜ. ಆಗ ಹಿಂದಿನ ಕೋಣೆಯಲ್ಲಿ ಯಾರೂ ನಗುತ್ತಿರಲಿಲ್ಲ. ಪೊರ್ಬುಗಳು ಪ್ರತಿ ರಟ್ಟು ಒತ್ತುವ ಮೊದಲು ಚೌಕಟ್ಟನ್ನು ನನ್ನ ಮೇಜಿಗೆ ತಂದು, “ಸರಿ ಉಂಟಾ ನೋಡು ಬಾಯೆ” ಎನ್ನತೊಡಗಿದರು. ಮೂವತ್ತು ವರ್ಷ ಯಾರಿಗೂ ತೋರಿಸದೆ ಒತ್ತಿದವರು. ಸರಿಯಾಗಿಯೇ ಇರುತ್ತಿತ್ತು. ಸರಿ ಇದೆ ಎಂದರೆ ನಂಬುತ್ತಿರಲಿಲ್ಲ.

ಒಂದು ದಿನ ರಜೆ ಹಾಕಿ ಬನ್ನಂಜೆಯ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ ಬಂದರು. ಡಾಕ್ಟರು ಕಣ್ಣು ಚೆನ್ನಾಗಿದೆ, ಇದೇ ಕನ್ನಡಕ ಸಾಕು ಎಂದಿದ್ದರು. “ನನಗೆ ಬೇಸರ ಆಗಬಾರದು ಅಂತ ಹಾಗೆ ಹೇಳಿದ್ದು. ಒಳ್ಳೆ ಜನ ಆ ಡಾಕ್ಟರು” ಎಂದರು ಪೊರ್ಬುಗಳು. ನೋಡಿ, ಓದಿದ ಡಾಕ್ಟರು ಯಂತ್ರ ಇಟ್ಟು ಹೇಳಿದ ನಿಜಕ್ಕಿಂತ, ನಾನು ಕೂತಲ್ಲಿಂದಲೇ ಹೇಳಿದ ಸುಳ್ಳನ್ನು ಅವರು ಹೆಚ್ಚು ನಂಬಿದರು. ಯಾಕೆಂದರೆ ನಾನು ಅವರ ಬಾಯೆ.

ಹೊಸ ಅಚ್ಚುಮೊಳೆ ಬಂದ ವಾರವೇ ಅವರು ಕೆಲಸ ಬಿಟ್ಟರು. ಬಜಗೋಳಿಯಲ್ಲಿದ್ದ ಮಗಳ ಮನೆಗೆ ಹೋಗುತ್ತೇನೆ ಎಂದರು. ಧನಿಗಳು ತಡೆದರು, ಅವರು ಕೇಳಲಿಲ್ಲ. ಹೋಗುವಾಗ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. “ಪದಕ್ಕೆಲ್ಲ ತಲೆ ಬೇಕು ಅಂತ ನಾನು ಅಂದುಕೊಂಡಿದ್ದೆ ಬಾಯೆ. ನೀವು ಓದಿದವರು” ಎಂದರು. ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಎರಡು ಸಾವಿರದ ಮೂರರಲ್ಲಿ ನಾನು ಉಡುಪಿಯಲ್ಲಿ ನನ್ನದೇ ಟೈಪಿಂಗ್ ಅಂಗಡಿ ಹಾಕಿದೆ. ನನ್ನ ರೂಲನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದೆ. ಎರಡು ಸಾವಿರದ ಏಳರ ಸುಮಾರಿಗೆ ಒಬ್ಬರು ಇಂಗ್ಲಿಷ್ ಲೆಕ್ಚರರ್ ಅಮ್ಮ ಪುಸ್ತಕವೊಂದರ ಕೆಲಸಕ್ಕೆ ಬಂದವರು, ಗೋಡೆ ನೋಡಿ ನಕ್ಕರು. “ಇದು ಒಬ್ಬೊಬ್ಬರದು ಒಂದೊಂದು ರೀತಿ ಮಾರಾಯ್ತಿ. ಕೆಲವರು ಮೂರಕ್ಷರದವರೆಗೆ ಚಿಕ್ಕದು ಎನ್ನುತ್ತಾರೆ, ಕೆಲವರು ಎಷ್ಟು ಉದ್ದವಾದರೂ ಚಿಕ್ಕದೇ ಎನ್ನುತ್ತಾರೆ. ಎಲ್ಲ ಪದಕ್ಕೂ ದೊಡ್ಡಕ್ಷರ ಹಾಕುವವರೂ ಇದ್ದಾರೆ. ಅದೂ ತಪ್ಪೇನಲ್ಲ.”

“ಎಲ್ಲ ಪದಕ್ಕೂ?”

“ಹೌದು. ಒಂದೇ ರೀತಿ ಹಾಕಿಕೊಂಡು ಹೋದರೆ ಆಯಿತು.”

ಮೂವತ್ತು ವರ್ಷ ಒಂದೇ ರೀತಿ ಹಾಕಿಕೊಂಡು ಹೋದವರನ್ನು ನಾನು ಬಲ್ಲೆ. ಆ ಅಮ್ಮ ಹೋದ ಮೇಲೆ ಗೋಡೆಯ ಕಾಗದ ಕಿತ್ತೆ. ಅರ್ಧ ಬಂತು, ಅರ್ಧ ಸುಣ್ಣಕ್ಕೇ ಅಂಟಿಕೊಂಡಿತು.

ಅಷ್ಟು ಹೊತ್ತಿಗೆ ಹರೀಶ ಹೊಸ ರಿಕ್ಷಾ ತೆಗೆದುಕೊಂಡಿದ್ದ. ಹಳೆಯದರ ಒರಗುದಿಂಬು ಮಾತ್ರ ಮನೆಯ ಚಾವಡಿಯಲ್ಲಿತ್ತು. ಮುಂದಿನ ಭಾನುವಾರ ಅದನ್ನು ಎತ್ತಿಕೊಂಡು ಕಾರ್ಕಳದ ಬಸ್ಸು ಹತ್ತಿದೆ. ಬಾಯಲ್ಲಿ ಹೇಳಲು ಧೈರ್ಯ ಸಾಲದಿದ್ದರೆ ಸಾಕ್ಷಿಯಾದರೂ ಇರಲಿ ಎಂದು. ಕಂಡಕ್ಟರ್, “ಇದಕ್ಕೂ ಟಿಕೆಟ್ ಉಂಟು ಅಕ್ಕ, ಸೀಟೇ ಸೀಟು ಹಿಡಿದಿದೆಯಲ್ಲ” ಎಂದ. ಬಸ್ಸಿಡೀ ನಕ್ಕಿತು. ಕಾರ್ಕಳದಲ್ಲಿ ಇಳಿದು ಬಜಗೋಳಿಯ ಬಸ್ಸು ಹತ್ತಿದಾಗ ಅಲ್ಲಿಯೂ ನಕ್ಕರು. ನಾನು ಮಾತ್ರ, ವಾಪಸು ಹೋಗಿಬಿಡಲಾ, ವಾಪಸು ಹೋಗಿಬಿಡಲಾ ಎಂದು ಪ್ರತಿ ಸ್ಟಾಪಿನಲ್ಲೂ ಬಾಗಿಲ ಕಡೆ ನೋಡುತ್ತಿದ್ದೆ.

ಪೊರ್ಬುಗಳು ಜಗಲಿಯಲ್ಲಿ ಕೂತಿದ್ದರು. ಮಗಳು ಐರಿನ್ ನನಗೆ ಕುರ್ಚಿ ಹಾಕಿದರು. ತಂದೆ ಈಗ ಓದುವುದಿಲ್ಲ, ಪ್ರಾರ್ಥನೆಯ ಪುಸ್ತಕವನ್ನೂ ತಾನೇ ಓದಿ ಹೇಳಬೇಕು ಎಂದರು. ಇಗರ್ಜಿಯ ಹಳೆಯ ಪುಸ್ತಕಗಳನ್ನು ಹೊಲಿದುಕೊಡಿ ಎಂದು ಫಾದರ್ ಕೇಳಿದಾಗಲೂ ಒಪ್ಪಲಿಲ್ಲವಂತೆ. “ಕಣ್ಣು ಹೋಯಿತಲ್ಲ” ಎಂದು ಪೊರ್ಬುಗಳು ನಗುತ್ತಲೇ ಹೇಳಿದರು.

ನಾನು ಒರಗುದಿಂಬನ್ನು ಅವರ ಮಡಿಲಿನಲ್ಲಿ ಇಟ್ಟೆ. “ನಾನೇ ತೆಗೆದದ್ದು ಪೊರ್ಬುಗಳೇ, ಎಂಟೂ ನಾನೇ” ಎಂದೆ.

ಅವರು ಕನ್ನಡಕವನ್ನು ಹಣೆಗೇರಿಸಿದರು. ಚಿನ್ನ ಅರ್ಧ ಅಳಿಸಿ ಹೋಗಿತ್ತು. ಎಷ್ಟು ಬೆನ್ನುಗಳು ಒರಗಿ ಕೂತದ್ದು. ಹೆಬ್ಬೆರಳಿನಿಂದ ಸಾಲನ್ನು ಸವರುತ್ತಾ ಹೋಗಿ, ಒಂದು ಕಡೆ ನಿಲ್ಲಿಸಿದರು. “ಇದು ಕುಂಟ” ಎಂದರು. ಆ ‘ಟಿ’ಯ ಕಾಲಿನಲ್ಲಿ ಸಾಸಿವೆಯಷ್ಟೂ ಇಲ್ಲದ ಒಂದು ಮುರುಕು — ನನಗೆ, ಎಂಟು ವರ್ಷ ಅದನ್ನು ನೋಡಿದವಳಿಗೆ, ಅವತ್ತಿನವರೆಗೆ ಕಂಡಿರಲಿಲ್ಲ.

ಪೂರ್ತಿ ಓದಿದ ಮೇಲೆ ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ನಗುತ್ತಿದ್ದರು. “ಉಲ್ಟಾ ಇಟ್ಟಿದ್ದೀಯಲ್ಲ ಬಾಯೆ! ಕೇಳಿದ್ದರೆ ನಾನೇ ಬಂದು ಒತ್ತಿಕೊಡುತ್ತಿದ್ದೆ.”

ಅವರು ಬೈಯಲಿ ಎಂದು ಎಷ್ಟು ಆಸೆಪಟ್ಟೆ! ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನಗು ನಿಂತ ಮೇಲೆ ಮಗಳನ್ನು ಕರೆದು ಕೊಂಕಣಿಯಲ್ಲಿ ಏನೋ ಹೇಳಿದರು. ಐರಿನ್ ಒಳಗಿನಿಂದ ಒಂದು ಸೂಜಿ ಮತ್ತು ಬಿಳಿ ನೂಲು ತಂದರು. ಅಂಗಿಯ ಗುಂಡಿ ಹೊಲಿದುಕೊಳ್ಳಬೇಕಾದರೂ ಅವರು ಸೂಜಿ ಪೋಣಿಸಲು ಮಗಳನ್ನೇ ಕರೆಯುತ್ತಿದ್ದರಂತೆ. “ಕೊಡಿ ಪಪ್ಪಾ, ನಾನು ಹಾಕುತ್ತೇನೆ” ಎಂದು ಐರಿನ್ ಕೈ ಚಾಚಿದರು. ಅವರು ಕೊಡಲಿಲ್ಲ.

ನೂಲಿನ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಅಂಗಳದ ಬೆಳಕಿಗೆ ಹಿಡಿದರು. ಮೊದಲ ಸಲ ತಪ್ಪಿತು. ಎರಡನೇ ಸಲ ನೂಲು ಒಳಗೆ ಹೋಯಿತು. ಅವರು ಅದನ್ನು ನೋಡಿದರು, ಪೂರ್ತಿ ಹೊರಗೆಳೆದರು, ಮತ್ತೆ ಪೋಣಿಸಿದರು. ಮತ್ತೆ ಎಳೆದರು, ಮತ್ತೆ ಪೋಣಿಸಿದರು. “ಎಂಟು ವರ್ಷ” ಎಂದರು — ನನಗಲ್ಲ, ಸೂಜಿಗೆ. ನಾನು ಒರಗುದಿಂಬನ್ನು ಮಡಿಲಿಗೆ ಎಳೆದುಕೊಂಡು, ಅವರು ನಿಲ್ಲಿಸುವವರೆಗೂ ಅಲ್ಲೇ ಕೂತಿದ್ದೆ.